ಮೃಗಾಲಯದ ಮೈಕಮ್ಮ

ಅವಳಿಗೆ ಪಿಸುಮಾತು ಅನ್ನುವುದು ಬರುತ್ತಲೇ ಇರಲಿಲ್ಲ. ಶಾಲೆಯಲ್ಲಿ ಪಕ್ಕದ ಹುಡುಗಿಯ ಕಿವಿಗೆ ಬಾಯಿಟ್ಟು "ರಬ್ಬರ್ ಕೊಡೇ" ಅಂದರೆ ಆಚೆ ತರಗತಿಯಿಂದ ಯಾರೋ ರಬ್ಬರ್ ತಂದುಕೊಡುತ್ತಿದ್ದರು. ಅಪ್ಪ ಬಸ್ ಕಂಡಕ್ಟರು. ಇಂಜಿನ್ನಿನ ಸದ್ದನ್ನು ಮೀರಿಸಿ ನಿಲ್ದಾಣಗಳ ಹೆಸರು ಕೂಗಿ ಕೂಗಿ ಪಳಗಿದ ಗಂಟಲು ಅವನದು. ಆಸ್ತಿ ಅಂತ ಬೇರೇನೂ ಇಲ್ಲದ್ದರಿಂದ ಅದನ್ನೇ ಮಗಳಿಗೆ ಬಳುವಳಿಯಾಗಿ ಕೊಟ್ಟಿದ್ದ. ಅಮ್ಮ ಮಾತ್ರ ಮೆತ್ತನೆಯ ಹೆಂಗಸು. ಅಪ್ಪ ಮಗಳು ಊಟಕ್ಕೆ ಕೂತು ಮಾತು ಶುರುಮಾಡಿದರೆಂದರೆ ಎದ್ದುಹೋಗಿ ಕಿಟಕಿ ಮುಚ್ಚಿ ಬರುತ್ತಿದ್ದಳು.

"ಬೀದಿಯವರೆಲ್ಲ ನಮ್ಮನೇಲಿ ಜಗಳ ಅಂದ್ಕೊಳ್ತಾರೆ ಕಣೇ. ಸ್ವಲ್ಪ ಮೆಲ್ಲಗೆ ಮಾತಾಡಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ಮೆಲ್ಲಗೇ ಮಾತಾಡ್ತಿದೀನಲ್ಲಮ್ಮ!" ಅಂತ ಅವಳು ಅನ್ನುವಷ್ಟರಲ್ಲಿ ಎದುರುಮನೆಯ ಅಜ್ಜಿ ತನ್ನ ಕಿಟಕಿ ತೆರೆದು, "ಪಾಪ, ಕೂಸನ್ನ ಯಾಕೆ ಬೈತೀಯಾ?" ಎಂದು ಪಂಚಾಯಿತಿಗೆ ಇಳಿದಿರುತ್ತಿದ್ದಳು.

ಓದು ಮುಗಿಸಿ ಕೆಲಸ ಹುಡುಕುವ ಕಾಲ ಬಂದಾಗ ಈ ಗಂಟಲು ಕಾಲಿಗೆ ತೊಡರಾಯಿತು. ಗ್ರಂಥಾಲಯದಲ್ಲಿ ಸೇರಿದಳು, ಅಲ್ಲಿಯವರು ಮಧ್ಯಾಹ್ನದವರೆಗೆ ಸಹಿಸಿಕೊಂಡರು. ಹಲ್ಲಿನ ಡಾಕ್ಟರ ಬಳಿ ರೋಗಿಗಳನ್ನು ಒಳಗೆ ಕರೆಯುವ ಕೆಲಸ ಸಿಕ್ಕಿತು, ಅವಳು "ಮುಂದಿನವರು!" ಎಂದು ಕೂಗಿದ ಧಾಟಿಗೆ, ಒಳಗೆ ಏನೋ ಅನಾಹುತವೇ ನಡೆಯುತ್ತಿದೆ ಎಂದುಕೊಂಡು ಕಾದು ಕೂತವರಲ್ಲಿ ಅರ್ಧ ಜನ ಹಲ್ಲುನೋವು ಮರೆತು ಮನೆಗೆ ಹೋದರು. ಕೊನೆಗೆ ನಗರದ ಮೃಗಾಲಯದಲ್ಲಿ ಟಿಕೆಟ್ ಕೊಡುವ ಕಿಟಕಿಗೆ ಜನ ಬೇಕಾಗಿದ್ದಾರೆಂದು ಅಪ್ಪನೇ ತನ್ನ ಬಸ್ಸಿನಲ್ಲಿ ಕೂರಿಸಿಕೊಂಡು ಕರೆದುಕೊಂಡು ಹೋದ. "ಗಾಜಿನ ಹಿಂದೆ ಕೂರಿಸ್ತಾರಂತೆ. ನಿನಗೆ ಹೇಳಿಮಾಡಿಸಿದ ಕೆಲಸ" ಎಂದ.

ಗಾಜಿನ ಹಿಂದೆ ಅವಳು ಬಹಳ ಕಾಲ ಉಳಿಯಲಿಲ್ಲ. ಒಂದು ರಜಾದಿನ ಮೃಗಾಲಯದಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಅಂಥ ದಿನವೇ ಪ್ರಕಟಣೆಯ ಮೈಕು ಕೈಕೊಟ್ಟಿತು. ಅಂಥ ದಿನವೇ ಒಂದು ಪುಟ್ಟ ಹುಡುಗ ಹುಲಿಮನೆಯ ಮುಂದೆ ನಿಂತು, ಹುಲಿಯೂ ಎದ್ದು ನೋಡುವ ಹಾಗೆ ಅಳುತ್ತಿದ್ದ. ಕಾವಲುಗಾರ ಅವನನ್ನು ಎತ್ತಿಕೊಂಡು ಟಿಕೆಟ್ ಕಿಟಕಿಯ ಹತ್ತಿರ ಬಂದು ಏನು ಮಾಡುವುದೆಂದು ತೋಚದೆ ನಿಂತ. ಇವಳು ಕಿಟಕಿ ಮುಚ್ಚಿ ಹೊರಗೆ ಬಂದಳು, ಕಾರಂಜಿಯ ಕಟ್ಟೆ ಹತ್ತಿದಳು, ಸೊಂಟಕ್ಕೆ ಕೈಕೊಟ್ಟು ಎದೆತುಂಬ ಉಸಿರೆಳೆದುಕೊಂಡಳು.

"ನೀಲಿ ಅಂಗಿ, ಒಂದೇ ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು! ಈ ಹುಡುಗ ಯಾರ ಮನೆಯವನು? ಕಾರಂಜಿ ಹತ್ರ ಬನ್ನಿ!"

ಮೃಗಾಲಯದ ಇನ್ನೊಂದು ತುದಿಯಲ್ಲಿ ನೀರಾನೆಯ ಕೊಳದ ಬಳಿ ನಿಂತಿದ್ದ ಹುಡುಗನ ಅಜ್ಜಿ ಬೆಚ್ಚಿಬಿದ್ದು ಓಡೋಡಿ ಬಂದಳು. ಆಕೆಗೆ ಕಿವಿ ಬೇರೆ ಸ್ವಲ್ಪ ಮಂದವಂತೆ. ಮೃಗಾಲಯದ ಮುಖ್ಯಸ್ಥರು, ಅಂದರೆ ಎಲ್ಲರ ಬಾಯಲ್ಲಿ ಸಾಹೇಬರು, ತಮ್ಮ ಕೋಣೆಯ ಬಾಗಿಲು ಮುಚ್ಚಿಕೊಂಡೇ ಅದನ್ನು ಕೇಳಿದರು. ಮರುದಿನ ಅವಳನ್ನು ಕರೆಸಿ, "ಇನ್ಮೇಲೆ ನೀನು ಟಿಕೆಟ್ ಹರಿಯೋದು ಬೇಡಮ್ಮ. ಪ್ರಕಟಣೆ ಕೋಣೇಲಿ ಕೂತ್ಕೋ" ಎಂದರು. "ಮೈಕ್ ರಿಪೇರಿ ಆಯ್ತಾ ಸಾರ್?" ಎಂದು ಇವಳು ಕೇಳಿದಾಗ ಕಿವಿ ಉಜ್ಜಿಕೊಳ್ಳುತ್ತ, "ಆಗದಿದ್ರೂ ನಡಿಯುತ್ತೆ" ಎಂದರು. ಆ ದಿನದಿಂದ ಅವಳಿಗೆ ಮೈಕಮ್ಮ ಎಂಬ ಹೆಸರು ಅಂಟಿಕೊಂಡಿತು. ಮನೆಯಲ್ಲಿ ಇಟ್ಟ ಹೆಸರನ್ನು ಅಮ್ಮ ಒಬ್ಬಳೇ ಬಳಸುತ್ತಿದ್ದಳು.

ಪ್ರಕಟಣೆಯ ಕೋಣೆ ಗುಂಡಗೆ, ಡಬ್ಬಿಯ ಹಾಗಿತ್ತು. ಒಂದು ಮೇಜು, ಮೇಜಿನ ಮೇಲೆ ಕೆಂಪು ದೀಪದ ಮೈಕು, ಮಕ್ಕಳು ಕೂರಲು ಗಿಡ್ಡ ಬೆಂಚು, ಬಿಸ್ಕತ್ತಿನ ಡಬ್ಬ. ಗೋಡೆಯ ಪಕ್ಕ ಕಳೆದುಹೋದ ವಸ್ತುಗಳ ಪೆಟ್ಟಿಗೆ. ಅದರೊಳಗೆ ಜೋಡಿಯಿಲ್ಲದ ಚಪ್ಪಲಿಗಳು, ಕೊಡೆಗಳು, ಯಾರೂ ಕೇಳಿಕೊಂಡು ಬಾರದ ಒಂದು ಹಲ್ಲಿನ ಸೆಟ್ಟು. ಕಿಟಕಿಯಾಚೆ ಸುತ್ತ ನೀರು ತುಂಬಿದ ಕಂದಕ, ನಡುವೆ ಒಂದು ಪುಟ್ಟ ದ್ವೀಪ. ದ್ವೀಪದಲ್ಲಿ ಕಂಬ, ಹಗ್ಗ, ಮರ, ಮಲಗಲು ಗೂಡು, ಮತ್ತು ಒಂದು ಗಿಬ್ಬನ್. ಬಾಲವಿಲ್ಲದ, ಮೊಣಕಾಲಿಗೂ ಕೆಳಗೆ ಕೈ ಇಳಿಬಿಟ್ಟುಕೊಂಡ ಕರಿ ವಾನರ. ತಾಯಿ ಸತ್ತ ಮರಿಯನ್ನು ಮೃಗಾಲಯದವರೇ ಬಾಟಲಿ ಹಾಲು ಕುಡಿಸಿ ಸಾಕಿದ್ದರು. ನೀರೆಂದರೆ ಅದಕ್ಕೆ ಪ್ರಾಣಭಯ. ಹಾಗಾಗಿ ದ್ವೀಪಕ್ಕೆ ಬೇಲಿ ಬೇಕಿರಲಿಲ್ಲ.

ಮೈಕಮ್ಮ ಮೊದಲ ದಿನ "ಗಮನಿಸಿ, ಗಮನಿಸಿ!" ಎಂದು ಶುರುಮಾಡಿ "ದಯವಿಟ್ಟು ಬೇಗ ಬನ್ನೀ..." ಎಂದು ಎಳೆದು ಮುಗಿಸಿದಳೋ ಇಲ್ಲವೋ, ಗಿಬ್ಬನ್ ಕಂಬದ ತುದಿಗೆ ಹಾರಿ, ಗಂಟಲ ಚೀಲ ಉಬ್ಬಿಸಿ "ಹೂಊಊ..." ಎಂದು ಅದೇ ರಾಗದಲ್ಲಿ ಉತ್ತರ ಕೊಟ್ಟಿತು. ಅಂದಿನಿಂದ ಪ್ರತಿ ಪ್ರಕಟಣೆಗೂ ಇದೇ ಹಾಡು. ಕೆಲಸಗಾರರು ಅದಕ್ಕೆ 'ಮೈಕಮ್ಮನ ತಮ್ಮ' ಎಂದು ಹೆಸರಿಟ್ಟರು. ಇಬ್ಬರದೂ ಒಂದೇ ಗಂಟಲು, ಒಂದೇ ಮನೆತನ ಎಂದು ನಗುತ್ತಿದ್ದರು. ಅವಳೂ ಬೇಸರ ಮಾಡಿಕೊಳ್ಳಲಿಲ್ಲ. "ಒಡಹುಟ್ಟಿದವರು ಇರಲಿಲ್ಲ ನಂಗೆ. ಇವನಾದ್ರೂ ಇರಲಿ ಬಿಡಿ" ಎನ್ನುತ್ತಿದ್ದಳು.

ಕಳೆದುಹೋದ ಮಕ್ಕಳನ್ನು ಸಂಭಾಳಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸಾಯಿತು. ಅವಳ ದನಿಗೆ ಮಕ್ಕಳು ಹೆದರುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು. ಆದದ್ದು ಉಲ್ಟಾ. ಎಷ್ಟೇ ಜೋರಾಗಿ ಅತ್ತರೂ ಇವಳನ್ನು ಮೀರಿಸಲಾಗುವುದಿಲ್ಲ ಎಂದು ಗೊತ್ತಾದ ಕೂಡಲೇ ಮಕ್ಕಳು ಅಳು ನಿಲ್ಲಿಸಿ ಬಿಸ್ಕತ್ತಿಗೆ ಕೈ ಹಾಕುತ್ತಿದ್ದವು. ಒಮ್ಮೆ ಒಬ್ಬ ಪುಟಾಣಿಗೆ ಅಮ್ಮನ ಹೆಸರೇ ಗೊತ್ತಿರಲಿಲ್ಲ.

"ಅಮ್ಮನ ಹೆಸರೇನು ಪುಟ್ಟಿ?"

"ಅಮ್ಮ."

"ಅದು ಸರಿ. ಅಪ್ಪ ಏನಂತ ಕರೀತಾರೆ?"

ಮಗು ಯೋಚಿಸಿ, "ಏ, ಇಲ್ಲಿ ನೋಡು" ಎಂದಿತು.

ಮೈಕಮ್ಮ ಮೈಕು ಹಚ್ಚಿ, "ಮನೆಯಲ್ಲಿ 'ಏ, ಇಲ್ಲಿ ನೋಡು' ಅಂತ ಕರೆಸಿಕೊಳ್ಳುವ ತಾಯಿಯವರು ದಯವಿಟ್ಟು ಬೇಗ ಬನ್ನೀ..." ಎಂದಳು. ಕೋಣೆಯ ಮುಂದೆ ಹೆಂಗಸರ ದಂಡೇ ನೆರೆಯಿತು. ಮಕ್ಕಳು ಕೈಯಲ್ಲೇ ಇದ್ದವರೂ ಬಂದಿದ್ದರು. ಅವರ ಹಿಂದೆ ಮುಖ ಸಪ್ಪೆ ಮಾಡಿಕೊಂಡ ಗಂಡಂದಿರು.

ಇನ್ನೊಂದು ದಿನ, ಅವಳು ಕೂಗಿ ಕೂಗಿ ಹುಡುಕಿಸುತ್ತಿದ್ದ ಹುಡುಗಿಯೊಬ್ಬಳನ್ನು ಸರೀಸೃಪಗಳ ಮನೆಯ ಕೆಲಸಗಾರ ಕೈಹಿಡಿದು ಕರೆತಂದ. ತೆಳ್ಳಗೆ, ಎತ್ತರ, ಅಂಗಿಯ ಗುಂಡಿಯೆಲ್ಲ ಕುತ್ತಿಗೆಯವರೆಗೆ ಹಾಕಿಕೊಂಡ ಮನುಷ್ಯ. ಹಾವು, ಮೊಸಳೆ, ಆಮೆಗಳ ಜೊತೆ ಕೆಲಸ ಮಾಡಿ ಮಾತಿನ ಅಭ್ಯಾಸವೇ ತಪ್ಪಿಹೋಗಿತ್ತು. ಎಲ್ಲರೂ ಅವನನ್ನು ಹಾವಪ್ಪ ಎನ್ನುತ್ತಿದ್ದರು.

"ಸಿಕ್ಕಿದ್ಲು" ಎಂದ.

"ಎಲ್ಲಿದ್ಲು?"

"ಹೆಬ್ಬಾವು."

"ಅಯ್ಯೋ! ಹೆಬ್ಬಾವಿನ ಒಳಗಾ?"

"ಮುಂದೆ" ಎಂದ. ಅವನ ಮುಖದ ಯಾವುದೋ ಮೂಲೆಯಲ್ಲಿ ನಗು ಮೂಡಿದ್ದು ಅವಳಿಗೆ ಕಂಡಿತು.

ಮರುದಿನ ಅವನು ಟೀ ವೇಳೆಗೆ ಬಂದು ಗಿಡ್ಡ ಬೆಂಚಿನ ಮೇಲೆ ಮಂಡಿ ಮಡಚಿ ಕೂತ. ಅದರ ಮರುದಿನವೂ ಬಂದ. ಅದೇ ರೂಢಿಯಾಯಿತು. ಅವಳು ಮಾತಾಡುವಳು, ಅವನು ಕೇಳುವನು, ಟೀ ಮುಗಿದ ಮೇಲೆ ಇಬ್ಬರ ಲೋಟವನ್ನೂ ತೊಳೆದಿಟ್ಟು ಹೋಗುವನು. ಮಳೆಗಾಲ ಕಳೆದು ಬಿಸಿಲು ಬಂದರೂ ಇದಕ್ಕೊಂದು ತಾರ್ಕಿಕ ಅಂತ್ಯ ಕಾಣಲಿಲ್ಲ. ಒಂದು ಮಧ್ಯಾಹ್ನ ಅವಳು ಸಾಹೇಬರ ಹೊಸ ಟೋಪಿಯ ಬಗ್ಗೆ, ನೀರಾನೆ ನೋಡಿಕೊಳ್ಳುವವನ ಮೈವಾಸನೆಯ ಬಗ್ಗೆ ಸಾಕಷ್ಟು ಮಾತಾಡಿ ಮುಗಿಸಿದಳು. ಹಾವಪ್ಪ ಅಂದು ಮಾಮೂಲಿನ ಹಾಗೆ ಕೂತಿರಲಿಲ್ಲ. ಮತ್ತೆ ಮತ್ತೆ ಮೇಜಿನ ಕಡೆ ಬೆರಳು ತೋರಿಸುತ್ತಿದ್ದ. ಬಿಸ್ಕತ್ತು ಕೇಳುತ್ತಿದ್ದಾನೆಂದು ಅವಳು ಡಬ್ಬ ಮುಂದೆ ತಳ್ಳಿದಳು. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟಳು.

"ಅಲ್ರೀ, ದಿನಾ ಬಂದು ಇಲ್ಲಿ ಕೂತ್ಕೋತೀರಲ್ಲ. ಯಾತಕ್ಕೆ ಅಂತ?"

ಹಾವಪ್ಪ ಮೈಕಿನ ಕೆಂಪು ದೀಪ ನೋಡಿದ. ಅದು ಆಗಿನಿಂದಲೂ ಉರಿಯುತ್ತಲೇ ಇತ್ತು. ಅವನು ಅದನ್ನು ಆರಿಸಬಹುದಿತ್ತು. ಆರಿಸಲಿಲ್ಲ. ಮೈಕಿನ ಕಡೆಗೇ ಬಾಗಿ, "ಮದುವೆ ಆಗೋಣ ಅಂತ" ಎಂದ.

ಹುಲಿಮನೆಯಿಂದ ಆನೆಯ ಲಾಯದವರೆಗೆ ಎಲ್ಲ ಕಂಬಗಳ ಮೇಲಿನ ಧ್ವನಿವರ್ಧಕಗಳಿಂದಲೂ ಆ ಮೂರು ಮಾತು ಹೊರಬಿತ್ತು. ಆಮೇಲೆ ಎಲ್ಲೆಲ್ಲಿಂದಲೋ ಚಪ್ಪಾಳೆ, ಶಿಳ್ಳೆ. ಕಂಬದ ತುದಿಯಿಂದ ಗಿಬ್ಬನ್ "ಹೂಊಊ..." ಎಂದಿತು. ಮೈಕಮ್ಮ ಕೆಂಪು ದೀಪವನ್ನು ಈಗ ನೋಡಿದಳು, ಅದಕ್ಕಿಂತ ಕೆಂಪಗಾದಳು. ಹುಟ್ಟಿದ ಮೇಲೆ ಮೊದಲ ಬಾರಿಗೆ ಅವಳ ಬಾಯಿಂದ ಮೆಲುದನಿ ಹೊರಟಿತು: "ಆಯ್ತು." ಅದೂ ಎಲ್ಲರಿಗೂ ಕೇಳಿಸಿತು. ಟೋಪಿ ಕೈಯಲ್ಲಿ ಹಿಡಿದು ಸಾಹೇಬರೇ ಮೊದಲು ಬಂದು ಶುಭ ಹಾರೈಸಿದರು. ನೀರಾನೆಯವನು ಮಾತ್ರ ಮೈತೊಳೆದುಕೊಂಡು ಸ್ವಲ್ಪ ತಡವಾಗಿ ಬಂದ.

ಮೃಗಾಲಯದ ಹಿಂಗೋಡೆಗೆ ಅಂಟಿದ ಮನೆಯಲ್ಲಿ ಅವರ ಸಂಸಾರ ನಡೆಯಿತು. ಒಬ್ಬ ಮಗಳು ಹುಟ್ಟಿದಳು; ಅವಳದು ಇಬ್ಬರ ನಡುವಿನ ಹದವಾದ ದನಿ. ಬೆಳೆದು ನರ್ಸಾಗಿ ಬೇರೆ ಊರಿನ ಆಸ್ಪತ್ರೆ ಸೇರಿದಳು. ಹಾವಪ್ಪ ಗಿಬ್ಬನ್ನನ್ನು 'ಬಾಮೈದ' ಎಂದೇ ಕರೆಯುತ್ತಿದ್ದ. ದಿನಕ್ಕೊಂದು ದ್ರಾಕ್ಷಿಗೊಂಚಲು ಕೊಟ್ಟು, "ಹೆಂಡ್ತಿ ಕಡೆಯವರನ್ನ ಚೆನ್ನಾಗಿ ನೋಡ್ಕೋಬೇಕು" ಎನ್ನುವುದು ಅವನ ಅತಿ ಉದ್ದದ ವಾಕ್ಯವಾಗಿತ್ತು.

ಹೀಗಿರುವಾಗ ಒಂದು ಚಳಿಗಾಲ ಮೈಕಮ್ಮನ ದನಿ ಒಡೆಯತೊಡಗಿತು. ಮೊದಲು ಶೀತ ಎಂದುಕೊಂಡಳು. ಬಿಸಿನೀರು, ಉಪ್ಪುನೀರು ಎಲ್ಲ ಆಯಿತು. ಗಂಟಲಿನ ಡಾಕ್ಟರು ಸಣ್ಣ ಕನ್ನಡಿ ಇಳಿಸಿ ನೋಡಿ, ದನಿ ಹೊರಡಿಸುವ ತಂತುವಿನ ಮೇಲೆ ಗಂಟೊಂದು ಬೆಳೆದಿದೆ, ಕೆಟ್ಟದ್ದೇನಲ್ಲ, ಆದರೆ ತೆಗೆಯಬೇಕು ಎಂದರು. "ಆಮೇಲೆ ಬಹಳ ದಿನ ತುಟಿ ಪಿಟಕ್ ಅನ್ನೋ ಹಾಗಿಲ್ಲ. ಪಿಸುಗುಟ್ಟೋದೂ ಬೇಡ." "ಅದು ನಂಗೆ ಮೊದಲೇ ಬರಲ್ಲ ಡಾಕ್ಟ್ರೇ" ಎಂದು ಅವಳು ನಗಿಸಿದಳು. ಆದರೆ ಬಸ್ಸಿನಲ್ಲಿ ಮನೆಗೆ ವಾಪಸು ಬರುವಾಗ ಗಂಡನ ತೋಳು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದಳು. ಗಂಟಲು ಹೋದರೆ ತಾನು ಏನಾಗಿ ಉಳಿಯುತ್ತೇನೆ ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲ.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಸಾಹೇಬರು ಅವಳನ್ನು ಪ್ರಾಣಿಗಳ ಅಡುಗೆಮನೆಗೆ ಕಳಿಸಿದರು. ಅಲ್ಲಿ ಮಾತಿನ ಗೊಡವೆಯಿಲ್ಲ. ಬೆಟ್ಟದಂಥ ಕ್ಯಾರೆಟ್ ರಾಶಿ, ಕುಂಬಳಕಾಯಿ, ಬಾಳೆಹಣ್ಣು, ಹೆಚ್ಚುತ್ತ ಕೂರುವುದು. ಪ್ರಕಟಣೆಗಳಿಗೆ ಯಾರದೋ ಜೇನಿನಂಥ ದನಿಯನ್ನು ಮುದ್ರಿಸಿ ತಂದು ಹಾಕಿದರು. "ಪ್ರಿಯ ಸಂದರ್ಶಕರೇ, ಪ್ರಾಣಿಗಳಿಗೆ ತಿಂಡಿ ಹಾಕಬೇಡಿ" ಎಂದು ಅದು ಮುದ್ದಾಗಿ ಹೇಳುವಾಗ ಜನ ಹಾಯಾಗಿ ಕರಡಿಗೆ ಪಾಪ್‌ಕಾರ್ನ್ ಎಸೆಯುತ್ತಿದ್ದರು. ಗಿಬ್ಬನ್ ಆ ದನಿಗೆ ಒಮ್ಮೆಯೂ ಉತ್ತರ ಕೊಡಲಿಲ್ಲ. ಕಂಬ ಹತ್ತುವುದನ್ನೇ ಬಿಟ್ಟು ಗೂಡಿನ ಬಾಗಿಲಲ್ಲಿ ಮೊಣಕಾಲು ತಬ್ಬಿಕೊಂಡು ಕೂತಿರುತ್ತಿತ್ತು.

ಮನೆಯಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಹೆಂಡತಿಯ ಮಾತು ನಿಂತ ಮನೆಯಲ್ಲಿ ಗಡಿಯಾರದ ಸದ್ದು ಕೇಳತೊಡಗಿ ಹಾವಪ್ಪನಿಗೆ ದಿಗಿಲಾಯಿತು. ಮನೆಯೆಂದ ಮೇಲೆ ಯಾರಾದರೊಬ್ಬರು ಮಾತಾಡಲೇಬೇಕಲ್ಲ. ಒಂದು ಸಂಜೆ ಬ್ರೆಡ್ ಸಾರಿಗದ್ದುತ್ತ, "ಇವತ್ತು ಹೆಬ್ಬಾವು ಪೊರೆ ಬಿಡ್ತು" ಎಂದ. ಅವಳು ಕಣ್ಣರಳಿಸಿ ಕೈಯಲ್ಲೇ 'ಆಮೇಲೆ?' ಎಂದಳು. ಆಮೇಲೆ ಏನು ಹೇಳಬೇಕೆಂದು ಅವನಿಗೆ ಗೊತ್ತಾಗಲಿಲ್ಲ. ಮರುದಿನ ಸ್ವಲ್ಪ ತಯಾರಾಗಿ ಬಂದ. ಮುದಿ ಆಮೆ ಎಲೆಕೋಸು ಬಿಟ್ಟು ತನ್ನ ಬೂಟು ಕಚ್ಚಿದ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಿದ. ಅವಳು ಸದ್ದಿಲ್ಲದೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ನೋಡುವ ಆಸೆಗೆ ಅವನು ದಿನಾ ಏನಾದರೊಂದನ್ನು ಹುಡುಕಿ ತರತೊಡಗಿದ. ಏನೂ ನಡೆಯದ ದಿನ ಮೊಸಳೆ ಏನೇನು ಮಾಡಲಿಲ್ಲ ಅನ್ನುವುದನ್ನು ವರ್ಣಿಸುತ್ತಿದ್ದ.

ಬೇಸಿಗೆ ರಜೆ ಶುರುವಾದ ಹೊತ್ತಿಗೆ ಆ ಘಟನೆ ನಡೆಯಿತು. ಗಿಬ್ಬನ್ ದ್ವೀಪದ ಕಂದಕದ ನೀರು ಖಾಲಿ ಮಾಡಿ ಪಾಚಿ ತೆಗೆಯುತ್ತಿದ್ದರು. ಅಂಥ ಹೊತ್ತಿನಲ್ಲಿ ಅದನ್ನು ಗೂಡಿನೊಳಗೆ ಹಾಕಿ ಚಿಲಕ ಜಡಿಯುವುದು ವಾಡಿಕೆ. ಅಂದು ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಮಧ್ಯಾಹ್ನ ನೋಡಿದರೆ ಗೂಡು ಖಾಲಿ. "ಕೋತಿ ತಪ್ಪಿಸಿಕೊಂಡಿದೆ!" ಎಂದು ಯಾರೋ ಕಿರುಚಿದ್ದೇ ತಡ, ಬಾಯಿಂದ ಬಾಯಿಗೆ ಅದು ಗೊರಿಲ್ಲಾ ಆಗಿ, ಗೇಟು ಮುಟ್ಟುವ ಹೊತ್ತಿಗೆ ಸಿಂಹವಾಗಿತ್ತು. ಜನ ದಿಕ್ಕಾಪಾಲಾಗಿ ಓಡಿದರು. ಅದೇ ಹೊತ್ತಿಗೆ ಜೇನುದನಿ, "ಪ್ರಿಯ ಸಂದರ್ಶಕರೇ, ನಮ್ಮ ಉಪಾಹಾರ ಗೃಹಕ್ಕೆ ಭೇಟಿ ಕೊಡಿ" ಎನ್ನುತ್ತಿತ್ತು.

ಗಿಬ್ಬನ್ ಯಾವ ಮರದಲ್ಲಿದೆಯೋ ಯಾರಿಗೂ ಕಾಣಲಿಲ್ಲ. ಗದ್ದಲಕ್ಕೆ ಹೆದರಿ ಗೋಡೆ ದಾಟಿ ರಸ್ತೆಗೆ ಇಳಿದರೆ ವಾಹನಗಳ ಬಾಯಿಗೆ ಸಿಗುತ್ತಿತ್ತು. ಪ್ರಾಣಿಗಳ ಡಾಕ್ಟರಮ್ಮ ಅರಿವಳಿಕೆಯ ಬಂದೂಕು ತಂದರೂ, "ಅಷ್ಟೆತ್ತರದಿಂದ ಬಿದ್ರೆ ಉಳಿಯಲ್ಲ. ಮೊದಲು ಜನಾನ ಸುಮ್ಮನಿರಿಸಿ" ಎಂದರು. ಸುಮ್ಮನಿರಿಸುವವರು ಯಾರು? ಮೈಕಮ್ಮ ಅಡುಗೆಮನೆಯಿಂದ ಕೈಲಿದ್ದ ದ್ರಾಕ್ಷಿ ಬುಟ್ಟಿಯ ಸಮೇತ ಓಡಿಬಂದಿದ್ದಳು. ಪ್ರಕಟಣೆ ಕೋಣೆಯ ಮೆಟ್ಟಿಲ ಮೇಲೆ ನಿಂತು ಬಾಯಿ ತೆರೆದಳು. ಹಿಂದಿನಿಂದ ಒಂದು ಕೈ ಬಂದು ಅವಳ ಭುಜ ಹಿಡಿಯಿತು.

"ಬೇಡ. ನಾನು ಹೇಳ್ತೀನಿ" ಎಂದ ಹಾವಪ್ಪ.

ಒಳಗೆ ಹೋಗಿ ಮೈಕಿನ ಗುಂಡಿ ಒತ್ತಿದ. ಏನು ಹೇಳಬೇಕೆಂದು ಅವನು ಯೋಚಿಸಲೇ ಇಲ್ಲ. ಅಷ್ಟು ವರ್ಷ ಗಿಡ್ಡ ಬೆಂಚಿನ ಮೇಲೆ ಕೂತು ಕೇಳಿದ್ದೆಲ್ಲ ಒಳಗೆ ಇದ್ದೇ ಇತ್ತು.

"ಗಮನಿಸಿ, ಗಮನಿಸಿ! ಸಿಂಹ ಅದರ ಮನೇಲೇ ನಿದ್ದೆ ಮಾಡ್ತಿದೆ, ನಾನೇ ನೋಡಿಕೊಂಡು ಬಂದೆ. ಹೊರಗೆ ಬಂದಿರೋದು ಒಂದು ಗಿಬ್ಬನ್. ಅದಕ್ಕೆ ನಿಮಗಿಂತ ಹೆಚ್ಚು ಭಯ ಆಗಿದೆ. ಮಕ್ಕಳ ಕೈ ಹಿಡ್ಕೊಳ್ಳಿ. ಎಲ್ಲಿದ್ದೀರೋ ಅಲ್ಲೇ ಕೂತ್ಕೊಳ್ಳಿ. ಕೂಗಬೇಡಿ. ಗಿಬ್ಬನ್ ಕಂಡವರು ಕೈ ಎತ್ತಿ. ಅದರ ಮನೆಯವರು ಇಲ್ಲಿ ಕಾಯ್ತಿದ್ದಾರೆ, ದಯವಿಟ್ಟು ಬೇಗ ಬನ್ನೀ..."

ಕೊನೆಯ ಮಾತನ್ನು ಅವನು ಹೆಂಡತಿಯ ರಾಗದಲ್ಲೇ ಎಳೆದ. ಹಾವಪ್ಪ ಮಾತಾಡುತ್ತಿದ್ದಾನೆ ಅನ್ನುವ ಬೆರಗಿಗೇ ಕೆಲಸಗಾರರು ನಿಂತಲ್ಲೇ ನಿಂತರು. ಅವರನ್ನು ನೋಡಿ ಜನರೂ ಕೂತರು. ಗದ್ದಲ ಇಳಿಯಿತು. ಆ ನಿಶ್ಶಬ್ದದಲ್ಲಿ ಗೇಟಿನ ಪಕ್ಕದ ದಟ್ಟ ಮರದ ನೆತ್ತಿಯಿಂದ, ಬಹಳ ದಿನದ ಮೇಲೆ, "ಹೂಊಊ..." ಎಂದು ಕೇಳಿಸಿತು.

ಮೈಕಮ್ಮ ಆ ಮರದ ಬುಡಕ್ಕೆ ಹೋದಳು. "ಮುಟ್ಟೋಕೆ ಹೋಗ್ಬೇಡಿ" ಎಂದು ಡಾಕ್ಟರಮ್ಮ ದೂರದಿಂದ ಸನ್ನೆ ಮಾಡಿದರು. ಅವಳು ಮುಟ್ಟಲೂ ಇಲ್ಲ, ತಲೆಯೆತ್ತಿ ನೋಡಲೂ ಇಲ್ಲ. ಬೇರಿನ ಮೇಲೆ ಕೂತು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ದ್ರಾಕ್ಷಿ ತಿನ್ನತೊಡಗಿದಳು. ಕೂಗಿ ಕರೆಯುವ ಆಸೆ ಗಂಟಲವರೆಗೆ ಬರುತ್ತಿತ್ತು. ದ್ರಾಕ್ಷಿಯ ಜೊತೆ ಅದನ್ನೂ ನುಂಗುತ್ತಿದ್ದಳು. ಎಲೆ ಅಲುಗಿತು. ಕೊಂಬೆ ಬಾಗಿತು. ಮೇಲಿನಿಂದ ಉದ್ದನೆಯ ಕರಿ ಕೈಯೊಂದು ಇಳಿದು ಬುಟ್ಟಿಯಿಂದ ಒಂದು ಗೊಂಚಲು ಎತ್ತಿಕೊಂಡಿತು. ಆಮೇಲೆ ಗಿಬ್ಬನ್ ಪೂರ್ತಿ ಇಳಿದು, ಅವಳಿಂದ ಒಂದು ಮಾರು ದೂರದಲ್ಲಿ ಕೂತು, ಅವಳ ಬಾಯನ್ನೇ ದಿಟ್ಟಿಸುತ್ತ ದ್ರಾಕ್ಷಿ ತಿಂದಿತು. ಏನಾಯಿತು ನಿನ್ನ ದನಿಗೆ ಎಂದು ಕೇಳುವ ಹಾಗಿತ್ತು ಆ ನೋಟ. ಮೈಕಮ್ಮನ ಕಣ್ಣು ತುಂಬಿಬಂತು. ಆದರೆ ಅವಳು ಸುಮ್ಮನೆ ಕೂತೇ ಇದ್ದಳು. ಅವಳ ಜೀವಮಾನದಲ್ಲೇ ಅಷ್ಟು ಹೊತ್ತು ಅಲುಗಾಡದೆ ಕೂತದ್ದಿಲ್ಲ, ಆದರೂ ಕಷ್ಟವೇನೂ ಅನ್ನಿಸಲಿಲ್ಲ.

ಎದ್ದು ನಿಧಾನವಾಗಿ ದ್ವೀಪದ ಕಡೆ ನಡೆದಳು. ಎರಡೂ ಕೈ ತಲೆಯ ಮೇಲೆತ್ತಿ, ಹಗ್ಗದ ಮೇಲೆ ನಡೆಯುವವರ ಹಾಗೆ ಓಲಾಡುತ್ತ, ಗಿಬ್ಬನ್ ಅವಳ ಹಿಂದೆ ನಡೆಯಿತು. ದಾರಿಯ ಎರಡೂ ಬದಿ ಕೂತ ಜನ ಉಸಿರು ಬಿಗಿಹಿಡಿದು ನೋಡಿದರು. ಖಾಲಿ ಕಂದಕಕ್ಕೆ ಹಾಕಿದ್ದ ಹಲಗೆ ದಾಟಿ, ಗೂಡಿನೊಳಗೆ ಬುಟ್ಟಿ ಇಟ್ಟು ಅವಳು ಇನ್ನೊಂದು ಬಾಗಿಲಿಂದ ಹೊರಬಂದಳು. ಗಿಬ್ಬನ್ ಒಳಗೆ ಬುಟ್ಟಿಗೆ ಕೈ ಹಾಕಿ ಕೂತ ಮೇಲೆ, ಈ ಸಲ ಚಿಲಕವನ್ನು ಸಾಹೇಬರೇ ಜಡಿದು, ಎಳೆದು ನೋಡಿದರು.

ಮಾತಾಡಬಹುದು ಎಂದು ಗಂಟಲಿನ ಡಾಕ್ಟರು ಅಪ್ಪಣೆ ಕೊಟ್ಟ ದಿನ ಮಗಳೂ ಊರಿಂದ ಬಂದಿದ್ದಳು. ಅಮ್ಮನ ಮೊದಲ ಮಾತು ಏನಿರಬಹುದೆಂದು ಅಪ್ಪ ಮಗಳು ದಾರಿಯುದ್ದಕ್ಕೂ ವಾದಿಸಿದ್ದರು. ಕುರ್ಚಿಯಲ್ಲಿ ಒರಗಿದ್ದ ಮೈಕಮ್ಮ ಬಾಯಿ ತೆರೆದು, "ಆ ಲೈಟು ಆರಿಸಿ ಡಾಕ್ಟ್ರೇ, ಕಣ್ಣಿಗೆ ಹೊಡೀತಿದೆ" ಎಂದಳು. ದನಿ ಒರಟಾಗಿ, ಮರಳುಕಾಗದ ಉಜ್ಜಿದ ಹಾಗಿತ್ತು. ಮೊದಲಿನ ಕಂಚಿನ ಗಂಟಲು ಮತ್ತೆ ಬರಲಾರದು ಎಂದರು ಡಾಕ್ಟರು. ಅವಳು ಒಂದೆರಡು ದಿನ ಮಂಕಾಗಿದ್ದಳು. ಮೂರನೆಯ ದಿನ ಕೋಣೆಗೆ ಹೋಗಿ, ಜೇನುದನಿಯ ಯಂತ್ರದ ಪ್ಲಗ್ ಕಿತ್ತು, ಮೈಕಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತಳು.

"ನಾನು ಇಷ್ಟು ವರ್ಷ ಮೈಕಿಗೆ ಕೆಲಸಾನೇ ಕೊಟ್ಟಿರಲಿಲ್ಲ. ಇನ್ನು ಅದೂ ಸ್ವಲ್ಪ ದುಡೀಲಿ" ಎಂದಳು.

ಜನಸಂದಣಿಯ ದಿನಗಳಲ್ಲಿ ಮಧ್ಯಾಹ್ನದ ಪಾಳಿ ಹಾವಪ್ಪನದು. ಅವನಿಗೆ ಒಮ್ಮೆ ಮೈಕು ಸಿಕ್ಕರೆ ಕಸಿದುಕೊಳ್ಳುವುದೇ ಕಷ್ಟ. ಕಳೆದುಹೋದ ಕೊಡೆಯೊಂದರ ಪ್ರಕಟಣೆಗೆ ಮುದಿ ಆಮೆಯ ಬೂಟಿನ ಕಥೆಯನ್ನೂ ಸೇರಿಸಿಬಿಡುತ್ತಾನೆ. ಹೆಂಡತಿ ಬಾಗಿಲಲ್ಲಿ ನಿಂತು ಕೈಸನ್ನೆಯಲ್ಲೇ 'ಸಾಕು' ಅಂದರೂ ಕಾಣದವನ ಹಾಗೆ ನಟಿಸುತ್ತಾನೆ.

ಮೊನ್ನೆ ಒಬ್ಬ ವಯಸ್ಸಾದವರು ಕೋಲೂರಿಕೊಂಡು ಆ ಕೋಣೆಗೆ ಬಂದರು. "ನಾನು ಕಳೆದುಹೋಗಿದೀನಮ್ಮ" ಎಂದರು. ಮೈಕಮ್ಮ ಗುಂಡಿಗೆ ಕೈ ಹಾಕಿದಳು.

"ತಡಿಯಮ್ಮ, ಈಗಲೇ ಕೂಗಬೇಡ. ಮೊಮ್ಮಕ್ಕಳು ಒಂದು ಡಜನ್ ಇದಾವೆ, ಬೆಳಿಗ್ಗೆಯಿಂದ ಜೀವ ತಿಂದಿದಾವೆ. ಸ್ವಲ್ಪ ಹೊತ್ತು ಕಳೆದುಹೋಗಿರ್ತೀನಿ."

ಅವಳು ಕುರ್ಚಿ ಬಿಟ್ಟುಕೊಟ್ಟು, ಕಿಟಕಿಯ ಪರದೆ ಅರ್ಧ ಎಳೆದಳು. ಹಾವಪ್ಪ ಟೀ ಸೋಸಿ ಕೊಟ್ಟ. ಅಜ್ಜ ಬೂಟು ಬಿಚ್ಚಿ ಕಾಲು ನೀಡಿ, ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ತಿಂದು, ಕುರ್ಚಿಯಲ್ಲೇ ಸಣ್ಣಗೆ ಗೊರಕೆ ಹೊಡೆಯತೊಡಗಿದರು. ಹೊರಗೆ "ತಾತಾ, ತಾತಾ" ಎಂದು ಮಕ್ಕಳ ದಂಡೊಂದು ಕೂಗುತ್ತ ಆನೆಯ ಲಾಯದ ಕಡೆ ಹೋಯಿತು. ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇನ್ನೊಂದು ಸುತ್ತು ಬರಲಿ ಬಿಡಿ" ಎಂದಳು ಮೈಕಮ್ಮ, ಮೆಲ್ಲಗೆ.